ಯಾರೂ ಚಿತ್ ಆಗದೆ ಗೆದ್ದದ್ದು ಹೇಗೆ? ಮ್ಯಾಟ್ ಕುಸ್ತಿಯ ಕಥೆ ಮತ್ತು ಲೆಕ್ಕ

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಬಾಗಲಕೋಟೆ ಕಡೆಯ ಒಂದು ಹಳ್ಳಿ. ಜಾತ್ರೆಯ ಮಣ್ಣಿನ ಕುಸ್ತಿ ನೋಡುತ್ತಲೇ ದೊಡ್ಡವನಾದೆ. ಆದರೆ ಟಿವಿಯಲ್ಲಿ ಒಲಿಂಪಿಕ್ಸ್ ಕುಸ್ತಿ ಬಂದರೆ ತಲೆಬುಡ ತಿಳಿಯುವುದಿಲ್ಲ. ಯಾರೂ ಚಿತ್ ಆಗಿರುವುದಿಲ್ಲ, ಆರು ನಿಮಿಷಕ್ಕೆ ಆಟ ಮುಗಿಸಿ ಒಬ್ಬರ ಕೈ ಎತ್ತಿಬಿಡುತ್ತಾರೆ. ಅಂಕ ಸಮ ಇದ್ದರೂ ಒಬ್ಬರು ಗೆದ್ದರು ಅಂತಾರೆ. ಸೋತವರು ಮತ್ತೆ ಬಂದು ಕಂಚು ಗೆಲ್ತಾರೆ. ಈ ಕುಸ್ತಿ ಎಲ್ಲಿಂದ ಬಂತು, ಇದರ ನಿಯಮ ಏನು, ಸ್ವಲ್ಪ ಬಿಡಿಸಿ ಹೇಳಿ. ಏಳನೇ ಕ್ಲಾಸಿನ ಮಗ ಮ್ಯಾಟ್ ಕುಸ್ತಿ ಕಲೀತೀನಿ ಅಂತ ಹಟ ಹಿಡಿದಿದ್ದಾನೆ. ಫ್ರೀಸ್ಟೈಲೋ, ಗ್ರೀಕೋ-ರೋಮನ್ನೋ, ಯಾವುದಕ್ಕೆ ಹಾಕಲಿ?

ಉತ್ತರ: ನಮಸ್ಕಾರ. ಮಣ್ಣಿನ ಕುಸ್ತಿ ಕಂಡವರಿಗೇ ಮ್ಯಾಟ್ ಕುಸ್ತಿ ಜಾಸ್ತಿ ಗೊಂದಲ ಮಾಡುತ್ತದೆ. ಮಣ್ಣಿನಲ್ಲಿ ನೋಡುವುದು ಒಂದನ್ನೇ, ಯಾರ ಬೆನ್ನು ಮಣ್ಣಿಗೆ ಹತ್ತಿತು, ಅಂದರೆ ಯಾರು ಚಿತ್ ಆದರು ಅಂತ. ಹತ್ತಲಿಲ್ಲವಾ? ಹೊತ್ತು ಮುಳುಗುವವರೆಗೆ ನೋಡಿ, ಆಮೇಲೆ ಪಂಚರು ಬಂದು ‘ಸಮ’ ಅಂತ ಜೋಡಿ ಬಿಡಿಸುತ್ತಾರೆ. ಇಬ್ಬರಿಗೂ ಇನಾಮು ಹಂಚಿ ಮನೆಗೆ ಕಳಿಸುತ್ತಾರೆ. ಒಲಿಂಪಿಕ್ಸ್‌ನಲ್ಲಿ ಅದು ನಡೆಯುವುದಿಲ್ಲ. ಒಂದೇ ದಿನದಲ್ಲಿ ಎಷ್ಟೋ ಜೋಡಿ ಮುಗಿಯಬೇಕು, ಪ್ರತಿ ಜೋಡಿಯಲ್ಲೂ ಒಬ್ಬರು ಮುಂದಕ್ಕೆ ಹೋಗಲೇಬೇಕು. ಸಮಬಲದ ಇಬ್ಬರು ಸಿಕ್ಕಿ, ಇಬ್ಬರೂ ಬೀಳದೇ ಹೋದರೆ ಏನು ಮಾಡುವುದು? ನೀವು ಟಿವಿಯಲ್ಲಿ ಕಾಣುವ ಅಂಕ, ಗಡಿಯಾರ, ಎಚ್ಚರಿಕೆ ಎಲ್ಲವೂ ಈ ಒಂದು ಪ್ರಶ್ನೆಗೆ ನೂರಿಪ್ಪತ್ತು ವರ್ಷದಿಂದ ಹುಡುಕಿಕೊಂಡು ಬಂದ ಉತ್ತರಗಳು. ಕೆಲವು ಉತ್ತರ ಚೆನ್ನಾಗಿವೆ. ಕೆಲವು ಶುದ್ಧ ತಮಾಷೆಯಾಗಿದ್ದವು, ಅದನ್ನೂ ಹೇಳುತ್ತೇನೆ.

ಮೊದಲು ಒಂದು ಮಾತು. ಒಲಿಂಪಿಕ್ಸ್‌ನ ಈ ಹವ್ಯಾಸಿ ಕುಸ್ತಿ ಅಂದರೆ ಟಿವಿಯಲ್ಲಿ ಬರುವ ಡಬ್ಲ್ಯುಡಬ್ಲ್ಯುಇ ಅಲ್ಲ. ಅಲ್ಲಿ ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟಿರುತ್ತಾರೆ. ಅದು ಪ್ರದರ್ಶನ, ಅದರ ಪಾಡಿಗೆ ಅದು ಇರಲಿ.

ಕುಸ್ತಿ ಎಷ್ಟು ಹಳೆಯದು ಎಂದರೆ, ಈಜಿಪ್ಟ್‌ನ ಬೆನಿ ಹಸನ್ ಎಂಬಲ್ಲಿ ಸುಮಾರು 4000 ವರ್ಷ ಹಿಂದಿನ ಸಮಾಧಿಗಳ ಗೋಡೆ ಮೇಲೆ ನೂರಾರು ಜೋಡಿಗಳ ಚಿತ್ರಗಳಿವೆ. ಒಬ್ಬನಿಗೆ ಒಂದು ಬಣ್ಣ, ಇನ್ನೊಬ್ಬನಿಗೆ ಗಾಢವಾದ ಇನ್ನೊಂದು ಬಣ್ಣ. ಯಾರ ಕಾಲು ಯಾವುದು ಅಂತ ಗೊತ್ತಾಗಲಿ ಎಂದು ಹಾಗೆ ಬಣ್ಣ ಹಚ್ಚಿದ್ದಾರೆ. ಇವತ್ತಿನ ಕೆಂಪು-ನೀಲಿ ಉಡುಪಿನ ಉಪಯೋಗವೂ ಅದೇ ಅಲ್ವಾ? ಆ ಚಿತ್ರಗಳಲ್ಲಿ ಸೊಂಟ ಹಿಡಿದು ಎತ್ತುವುದು, ಕಾಲು ಎಳೆಯುವುದು, ಕತ್ತು ಹಿಡಿಯುವುದು ಎಲ್ಲವೂ ಇದೆ. ಗರಡಿಯ ಯಾವ ಉಸ್ತಾದರನ್ನು ಕರೆದುಕೊಂಡು ಹೋಗಿ ನಿಲ್ಲಿಸಿದರೂ ಒಂದೊಂದು ಹಿಡಿತಕ್ಕೂ ಹೆಸರು ಹೇಳಿಯಾರು.

ಗ್ರೀಕರು ಕ್ರಿ.ಪೂ. 708ರಲ್ಲಿ ಕುಸ್ತಿಯನ್ನು ಒಲಿಂಪಿಕ್ಸ್‌ಗೆ ಸೇರಿಸಿದರು. ಅಲ್ಲಿ ಒಂದು ಸಲ ಕೆಡವಿದರೆ ಸಾಲದು, ಮೂರು ಸಲ ಕೆಡವಬೇಕಿತ್ತು. ತೂಕದ ವಿಭಾಗ ಇರಲಿಲ್ಲ, ಗಡಿಯಾರವೂ ಇರಲಿಲ್ಲ. ಕ್ರೋಟನ್ ಊರಿನ ಮಿಲೋ ಎಂಬ ಪೈಲ್ವಾನ ಹುಡುಗರ ವಿಭಾಗದಲ್ಲಿ ಒಂದು ಸಲ, ದೊಡ್ಡವರಲ್ಲಿ ಐದು ಸಲ ಗೆದ್ದ. ತೂಕದ ವಿಭಾಗ ಇಲ್ಲದಿದ್ದರೆ ಹಾಗೇ ಆಗುವುದು. ಒಬ್ಬ ದೈತ್ಯ ಹುಟ್ಟಿದರೆ ಇಪ್ಪತ್ತು ವರ್ಷ ಬೇರೆಯವರಿಗೆ ಕೆಲಸವಿಲ್ಲ.

ನಮ್ಮಲ್ಲಿ ಈ ವಿಷಯ ಬೇಗ ಹೊಳೆದಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲರ ಬಗ್ಗೆಯೇ ಒಂದು ಭಾಗವಿದೆ. ಕಲ್ಯಾಣ ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ಬೇರೆ ಬೇರೆ ವರ್ಗ ಮಾಡಬೇಕು, ಅವರ ಊಟದ ಖರ್ಚು ಅರಮನೆ ನೋಡಿಕೊಳ್ಳಬೇಕು ಎಂದು ಅದರಲ್ಲಿದೆ. ಮುಂದೆ ಮೊಘಲರ ಕಾಲಕ್ಕೆ ಪರ್ಷಿಯಾದ ಕುಸ್ತಿ ಇಲ್ಲಿನ ಮಲ್ಲಯುದ್ಧದ ಜೊತೆ ಬೆರೆಯಿತು. ನಾವು ಗರಡಿಯಲ್ಲಿ ಆಡುವ ಪೈಲ್ವಾನ್, ಉಸ್ತಾದ್, ಕುಸ್ತಿ ಎಲ್ಲ ಆ ಕಡೆಯಿಂದ ಬಂದ ಮಾತುಗಳೇ. ಮೈಸೂರಿನಲ್ಲಿ ಒಡೆಯರು, ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು ಪೈಲ್ವಾನರನ್ನು ಸಾಕಿದರು. ಶಾಹೂ ಮಹಾರಾಜರು ಕಟ್ಟಿಸಿದ ಖಾಸ್‌ಬಾಗ್ ಮೈದಾನದ ಹೆಸರು ನಿಮ್ಮ ಕಡೆಯ ಹಳೆಯ ಪೈಲ್ವಾನರಿಗೆ ನಾನು ಹೇಳಬೇಕಿಲ್ಲ.

ಈಗ ಯೂರೋಪಿಗೆ ಬನ್ನಿ, ಮ್ಯಾಟ್ ಕುಸ್ತಿ ಹುಟ್ಟಿದ್ದು ಅಲ್ಲಿ. 19ನೇ ಶತಮಾನದ ನಡುವೆ ಫ್ರಾನ್ಸ್‌ನಲ್ಲಿ ಝಾನ್ ಎಕ್ಸ್‌ಬ್ರಾಯಾ ಎಂಬ ಮಾಜಿ ಸೈನಿಕ ಜಾತ್ರೆಗಳಲ್ಲಿ ಕುಸ್ತಿ ಆಡಿಸುತ್ತಿದ್ದ. ಅವನು ಹಾಕಿದ ಕಟ್ಟಳೆ ಏನೆಂದರೆ, ಸೊಂಟದ ಕೆಳಗೆ ಮುಟ್ಟುವಂತಿಲ್ಲ. ಇದೇ ಮುಂದೆ ಗ್ರೀಕೋ-ರೋಮನ್ ಆಯಿತು. ಅತ್ತ ಇಂಗ್ಲೆಂಡಿನ ಲ್ಯಾಂಕಷೈರ್ ಕಡೆ ಗಣಿ ಮತ್ತು ಗಿರಣಿ ಕೆಲಸಗಾರರು ಎಲ್ಲಿ ಬೇಕಾದರೂ ಹಿಡಿಯುವ ಕುಸ್ತಿ ಆಡುತ್ತಿದ್ದರು. ಅದು ಅಮೆರಿಕಕ್ಕೆ ಹೋಗಿ ಫ್ರೀಸ್ಟೈಲ್ ಆಯಿತು.

1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಗೆ ಇದ್ದದ್ದು ಒಂದೇ ವಿಭಾಗ. ತೂಕ ಕೇಳುವವರೇ ಇಲ್ಲ. ಗೆದ್ದವರು ಜರ್ಮನಿಯ ಕಾರ್ಲ್ ಶೂಮನ್. ಅಸಲಿಗೆ ಅವರು ಜಿಮ್ನಾಸ್ಟ್, ಆ ಕೂಟದಲ್ಲೇ ಜಿಮ್ನಾಸ್ಟಿಕ್ಸ್ ಚಿನ್ನವನ್ನೂ ಗೆದ್ದರು. ಫೈನಲ್ 40 ನಿಮಿಷ ನಡೆದು ಕತ್ತಲಾಯಿತು, ಮಾರನೇ ದಿನ ಮುಂದುವರಿಸಿ ಮುಗಿಸಿದರು. 1904ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಫ್ರೀಸ್ಟೈಲ್ ಬಂತು, ತೂಕದ ವಿಭಾಗಗಳೂ ಬಂದವು.

ಆದರೆ ನಿಜವಾದ ಪೇಚಾಟ ಆದದ್ದು 1912ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಗ್ರೀಕೋ-ರೋಮನ್ ಮಿಡ್ಲ್‌ವೇಟ್ ಸೆಮಿಫೈನಲ್. ರಷ್ಯಾ ಪರ ಆಡಿದ ಎಸ್ಟೋನಿಯಾದ ಮಾರ್ಟಿನ್ ಕ್ಲೈನ್, ಫಿನ್ಲೆಂಡಿನ ಆಲ್ಫ್ರೆಡ್ ಆಸಿಕೈನೆನ್. ಬಯಲಿನಲ್ಲಿ ಹಾಸಿದ ಮ್ಯಾಟ್, ತಲೆ ಮೇಲೆ ಬಿಸಿಲು. ಅರ್ಧ ಗಂಟೆಗೊಮ್ಮೆ ಸ್ವಲ್ಪ ವಿಶ್ರಾಂತಿ, ಮತ್ತೆ ಹಿಡಿತ. ಇಬ್ಬರೂ ಬೀಳುತ್ತಿಲ್ಲ. ಕೊನೆಗೆ ಕ್ಲೈನ್ ಗೆದ್ದಾಗ 11 ಗಂಟೆ 40 ನಿಮಿಷ ಆಗಿತ್ತು. ಫೈನಲ್ ಆಡಲು ಮೈಯಲ್ಲಿ ತ್ರಾಣವೇ ಉಳಿಯಲಿಲ್ಲ. ಎದುರಾಳಿ ಸ್ವೀಡನ್ನಿನ ಕ್ಲಾಸ್ ಯೋಹಾನ್ಸನ್‌ಗೆ ಚಿನ್ನ ಸುಮ್ನೆ ಬಂತು. ಅದೇ ಕೂಟದಲ್ಲಿ ಇನ್ನೊಂದು ಫೈನಲ್ ಒಂಬತ್ತು ಗಂಟೆ ನಡೆಯಿತು. ಕೊನೆಗೆ ತೀರ್ಪುಗಾರರೇ ಸಾಕಾಗಿ ಇಬ್ಬರಿಗೂ ಬೆಳ್ಳಿ ಕೊಟ್ಟರು. ಚಿನ್ನ ಯಾರಿಗೂ ಇಲ್ಲ!

ಹವ್ಯಾಸಿ ಕುಸ್ತಿಯ ಹೊರಗೂ ಇದೇ ಪಾಡು. 1910ರಲ್ಲಿ ನಮ್ಮ ಗಾಮಾ ಪೈಲ್ವಾನರು ಲಂಡನ್ನಿಗೆ ಹೋಗಿದ್ದು ನಿಮಗೂ ಗೊತ್ತಿರಬೇಕು. ಪೋಲೆಂಡಿನ ಸ್ಟಾನಿಸ್ಲಾಸ್ ಝ್ಬಿಸ್ಕೋ ಎದುರಾಳಿ. ಗಾಮಾ ಶುರುವಿನಲ್ಲೇ ಅವರನ್ನು ಕೆಳಗೆ ತಂದರು. ಆ ಭಾರಿ ದೇಹ ಅಂಗಾತ ತಿರುಗದೆ, ನೆಲಕ್ಕೆ ಅಂಟಿಕೊಂಡು, ಎರಡೂವರೆ ಗಂಟೆ ಹತ್ತಿರ ಹಾಗೇ ಬಿದ್ದುಕೊಂಡಿತು. ಸಮ ಎಂದು ಬಿಡಿಸಿದರು. ಒಂದು ವಾರದ ನಂತರದ ಮರುಪಂದ್ಯಕ್ಕೆ ಝ್ಬಿಸ್ಕೋ ಬರಲೇ ಇಲ್ಲ. 1928ರಲ್ಲಿ ಪಟಿಯಾಲದಲ್ಲಿ ಇಬ್ಬರೂ ಮತ್ತೆ ಎದುರಾದಾಗ ಗಾಮಾ ಒಂದು ನಿಮಿಷದೊಳಗೆ ಮುಗಿಸಿದರು. ಲಂಡನ್ನಿನ ಆ ಜೋಡಿಯನ್ನು ಇವತ್ತಿನ ನಿಯಮದಲ್ಲಿ ಆಡಿಸಿದ್ದರೆ? ಕೆಳಗೆ ತಂದ ಅಂಕ ಗಾಮಾ ಅವರಿಗೆ ಸಿಕ್ಕಿ, ಆರು ನಿಮಿಷಕ್ಕೆ ಗೆದ್ದು ಎದ್ದು ಹೋಗುತ್ತಿದ್ದರು.

ಅಂಕ ಬಂದದ್ದೇ ಇದಕ್ಕೆ. ಚಿತ್ ಮಾಡಲು ಆಗದಿದ್ದರೂ, ಚಿತ್ ಮಾಡುವ ದಾರಿಯಲ್ಲಿ ಯಾರು ಎಷ್ಟು ದೂರ ಹೋದರು ಎಂದು ಅಳೆಯುವುದು. ಈಗ ಹೇಳುವ ನಿಯಮಗಳು 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದ್ದವು. ಯುನೈಟೆಡ್ ವರ್ಲ್ಡ್ ರೆಸ್ಲಿಂಗ್ ಎಂಬ ವಿಶ್ವ ಸಂಸ್ಥೆ ಇವನ್ನು ಆಗಾಗ ತಿದ್ದುತ್ತಲೇ ಇರುತ್ತದೆ. ಹಾಗಾಗಿ ಮಗ ಸ್ಪರ್ಧೆಗೆ ಇಳಿಯುವ ಹೊತ್ತಿಗೆ ಕೋಚ್ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಮ್ಯಾಟ್ ನೋಡಿ ಮೊದಲು. ಆಡುವ ಜಾಗ 9 ಮೀಟರ್ ಅಗಲದ ವೃತ್ತ. ಅದರ ಅಂಚಿಗೆ ಒಂದು ಮೀಟರ್ ಅಗಲದ ಕಿತ್ತಳೆ ಬಣ್ಣದ ಪಟ್ಟಿ. ಆ ಪಟ್ಟಿ ಬಂತೆಂದರೆ ಗಡಿ ಹತ್ತಿರ ಇದೆ ಅಂತ. ಆಚೆಗೆ ಬಿದ್ದರೆ ಪೆಟ್ಟಾಗದಿರಲಿ ಎಂದು ಇನ್ನೂ ಒಂದೂವರೆ ಮೀಟರ್ ಹಾಸು. ಒಬ್ಬರಿಗೆ ಕೆಂಪು ಉಡುಪು, ಇನ್ನೊಬ್ಬರಿಗೆ ನೀಲಿ. ರೆಫರಿಯ ಎಡ ತೋಳಿಗೆ ಕೆಂಪು ಪಟ್ಟಿ, ಬಲ ತೋಳಿಗೆ ನೀಲಿ. ಅವರು ಕೆಂಪು ಪಟ್ಟಿಯ ಕೈ ಎತ್ತಿ ಎರಡು ಬೆರಳು ತೋರಿಸಿದರೆ ಕೆಂಪಿನವರಿಗೆ ಎರಡು ಅಂಕ. ರೆಫರಿ ಒಬ್ಬರೇ ತೀರ್ಮಾನ ಮಾಡುವುದಿಲ್ಲ. ಅಂಚಿನಲ್ಲಿ ಒಬ್ಬರು ಜಡ್ಜ್, ಮೇಜಿನ ಹತ್ತಿರ ಒಬ್ಬರು ಮ್ಯಾಟ್ ಚೇರ್ಮನ್ ಇರುತ್ತಾರೆ. ಮೂವರಲ್ಲಿ ಇಬ್ಬರು ಒಪ್ಪಿದರೆ ಅಂಕ.

ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯ ಮೈ ಜಾರದಿರಲಿ ಎಂದು ಒಂದು ಹಿಡಿ ಕೆಮ್ಮಣ್ಣು ತೆಗೆದು ಬೆನ್ನಿಗೆ ಉಜ್ಜುತ್ತಾರಲ್ಲ, ಇಲ್ಲಿ ಅದಿಲ್ಲ. ಅದಕ್ಕೇ ಮೈಗೆ ಎಣ್ಣೆ, ಕ್ರೀಮು ಏನೂ ಹಚ್ಚುವಂತಿಲ್ಲ. ಆಟಕ್ಕೆ ಮುಂಚೆ ರೆಫರಿ ತೋಳು, ಬೆನ್ನು ಸವರಿ ನೋಡುತ್ತಾರೆ. ಬೆವರಿದ್ದರೆ ಒರೆಸಿಕೊಂಡು ಬಾ ಅಂತಾರೆ. ಉಗುರು ಕತ್ತರಿಸಿರಬೇಕು. ಗಡ್ಡ ನುಣ್ಣಗೆ ಬೋಳಿಸಿರಬೇಕು, ಇಲ್ಲಾ ಪೂರ್ತಿ ಬೆಳೆದಿರಬೇಕು. ಮೂರು ದಿನದ ಕುರುಚಲು ಗಡ್ಡಕ್ಕೆ ಜಾಗವಿಲ್ಲ, ಅದು ಎದುರಾಳಿಯ ಚರ್ಮಕ್ಕೆ ಉಪ್ಪುಕಾಗದ ಉಜ್ಜಿದ ಹಾಗೆ.

ಹಿರಿಯರ ಪಂದ್ಯ ಮೂರು ಮೂರು ನಿಮಿಷದ ಎರಡು ಅವಧಿ, ನಡುವೆ 30 ಸೆಕೆಂಡು ಬಿಡುವು. ಎರಡೂ ಅವಧಿಯ ಅಂಕ ಕೂಡಿಸುತ್ತಾರೆ.

ಇನ್ನು ಅಂಕ. ನಿಂತಿರುವ ಎದುರಾಳಿಯನ್ನು ಕೆಳಗೆ ತಂದು, ನೀವು ಅವರ ಬೆನ್ನ ಹಿಂದೆ ಹೋಗಿ ಹಿಡಿತ ಸಾಧಿಸಿದಿರಿ ಅನ್ನಿ. ಅವರ ಎರಡು ಕೈ ಒಂದು ಮೊಣಕಾಲು, ಅಥವಾ ಎರಡು ಮೊಣಕಾಲು ಒಂದು ಕೈ ನೆಲಕ್ಕೆ ಹತ್ತಿದೆ. ಅಷ್ಟಾದರೆ 2 ಅಂಕ. ಇದನ್ನು ಟೇಕ್‌ಡೌನ್ ಅಂತಾರೆ, ಫ್ರೀಸ್ಟೈಲ್‌ನಲ್ಲಿ ಅತಿ ಹೆಚ್ಚು ಕಾಣುವುದು ಇದನ್ನೇ. ಕೆಳಗಿರುವವರ ಬೆನ್ನನ್ನು ಮ್ಯಾಟ್ ಕಡೆಗೆ ತಿರುಗಿಸಿದರೆ ಇನ್ನೂ 2. ಬೆನ್ನು ಪೂರ್ತಿ ತಾಗಬೇಕಿಲ್ಲ, ಮ್ಯಾಟ್‌ಗೂ ಬೆನ್ನಿಗೂ ನಡುವಿನ ಕೋನ 90 ಡಿಗ್ರಿಗಿಂತ ಕಡಿಮೆ ಆದರೆ ಸಾಕು. ಅದನ್ನು ಡೇಂಜರ್ ಸ್ಥಿತಿ ಎನ್ನುತ್ತಾರೆ, ಅಂದರೆ ಚಿತ್ ಆಗುವ ಅಪಾಯದಲ್ಲಿದ್ದಾರೆ ಅಂತ. ಸೊಂಟಕ್ಕೆ ಎರಡೂ ಕೈ ಸುತ್ತಿ ಬಿಗಿದು, ದಿಂಡಿನ ಹಾಗೆ ಉರುಳಿಸುತ್ತಾರೆ ನೋಡಿ, ಒಂದು ಉರುಳಿಗೆ 2 ಅಂಕ ಬರುವುದು ಹೀಗೆ.

ನಿಂತವರನ್ನು ನೇರ ಬೆನ್ನು ಕೆಳಗಾಗುವಂತೆ ಎಸೆದರೆ 4. ಎತ್ತಿ, ಗಾಳಿಯಲ್ಲಿ ದೊಡ್ಡ ಕಮಾನು ಹಾಕಿ ಬೆನ್ನ ಮೇಲೆ ಕೆಡವಿದರೆ 5. ಕೆಳಗಿದ್ದವರು ಮೇಲಿದ್ದವರನ್ನು ತಿರುಗಿಸಿ ತಾವು ಮೇಲಾದರೆ 1. ಒಂದು ಪಾದ ವೃತ್ತದ ಆಚೆ ಇಟ್ಟರೂ ಎದುರಾಳಿಗೆ 1. ಮಣ್ಣಿನ ಕುಸ್ತಿಯವರು ಇಲ್ಲಿಯೇ ಎಡವುತ್ತಾರೆ. ಅಖಾಡದಲ್ಲಿ ಹಿಂದೆ ಹಿಂದೆ ಸರಿಯುತ್ತಾ ಎದುರಾಳಿಯನ್ನು ಎಳೆದು ತಂದು ಪಟ್ಟು ಹಾಕುವುದು ಒಂದು ಜಾಣ್ಮೆ. ಮ್ಯಾಟ್‌ನಲ್ಲಿ ಹಿಂದೆ ಸರಿದರೆ ಅಂಕ ಕಳೆದುಕೊಳ್ಳುತ್ತೀರಿ.

ಫ್ರೀಸ್ಟೈಲ್‌ನಲ್ಲಿ 10 ಅಂಕದ ಅಂತರ ಬಂದ ಕೂಡಲೇ ಪಂದ್ಯ ಅಲ್ಲಿಗೇ ಮುಗಿಯುತ್ತದೆ. ಗ್ರೀಕೋ-ರೋಮನ್‌ನಲ್ಲಿ 8 ಸಾಕು. ಹತ್ತು ಅಂಕ ಬರಲು ಹೊತ್ತು ಬೇಕೆಂದುಕೊಳ್ಳಬೇಡಿ. ಎರಡೂ ಕಣಕಾಲು ಹೆಣೆದು ಹಿಡಿದು ಉರುಳಿಸುವ ಒಂದು ಪಟ್ಟು ಇದೆ, ಉತ್ತರದ ಪೈಲ್ವಾನರು ಅದಕ್ಕೆ ಫೀತಲೆ ಅಂತಾರೆ. ಹಿಡಿತ ಸರಿಯಾಗಿ ಬಿದ್ದರೆ ಒಂದರ ಹಿಂದೆ ಒಂದು ಉರುಳು, ಅರ್ಧ ನಿಮಿಷದೊಳಗೆ ಪಂದ್ಯ ಖಲಾಸ್. 2012ರ ಲಂಡನ್‌ನಲ್ಲಿ ಯೋಗೇಶ್ವರ್ ದತ್ ಕಂಚು ಗೆದ್ದದ್ದು ಈ ಪಟ್ಟಿನಿಂದಲೇ. ಊದಿಕೊಂಡು ಮುಚ್ಚಿದ ಒಂದು ಕಣ್ಣು ಇಟ್ಟುಕೊಂಡು.

ಹಾಗಾದರೆ ಚಿತ್‌ಗೆ ಬೆಲೆ ಇಲ್ಲವೇ? ಬೇಕಾದಷ್ಟಿದೆ. ಎರಡೂ ಹೆಗಲ ಮೂಳೆಗಳನ್ನು ಮ್ಯಾಟ್‌ಗೆ ಒತ್ತಿ ಹಿಡಿದು, ರೆಫರಿಗೆ ಖಾತ್ರಿಯಾದರೆ ಆಟ ಮುಗಿಯಿತು. ಅಂಕ ಎಷ್ಟೇ ಇರಲಿ, ಲೆಕ್ಕಕ್ಕಿಲ್ಲ. ಟೋಕಿಯೊ ಒಲಿಂಪಿಕ್ಸ್‌ನ 57 ಕೆಜಿ ಸೆಮಿಫೈನಲ್ ನೆನಪಿದೆಯಾ? ರವಿ ದಹಿಯಾ ಕಜಕಸ್ತಾನದ ನುರಿಸ್ಲಾಮ್ ಸನಾಯೇವ್ ಎದುರು 2-9ರಿಂದ ಹಿಂದಿದ್ದರು. ಟಿವಿ ಮುಂದೆ ಕೂತವರು ಆಸೆ ಬಿಟ್ಟಿದ್ದರು. ಕೊನೆಯ ನಿಮಿಷದಲ್ಲಿ ರವಿ ಎದುರಾಳಿಯನ್ನು ಕೆಡವಿ ಹೆಗಲೆರಡನ್ನೂ ಅದುಮಿ ಹಿಡಿದರು. ತೋಳು ಕಚ್ಚಿದ ಹಲ್ಲಿನ ಗುರುತು ಆಮೇಲೆ ಫೋಟೋದಲ್ಲಿ ಕಂಡಿತು, ಆದರೂ ಹಿಡಿತ ಬಿಡಲಿಲ್ಲ. ಚಿತ್. ನೇರ ಫೈನಲ್‌ಗೆ. ನಿಮ್ಮ ಊರ ಜಾತ್ರೆಯ ನಿಯಮ ಒಲಿಂಪಿಕ್ಸ್‌ನಲ್ಲೂ ಎಲ್ಲದಕ್ಕಿಂತ ಮೇಲೇ ಇದೆ.

ಮೈ ಕೊಡದೆ ಸುಮ್ಮನೆ ತಳ್ಳಾಡಿಕೊಂಡು ಹೊತ್ತು ಕಳೆಯುವವರಿಗೆ ಇರುವ ಮದ್ದು ಪ್ಯಾಸಿವಿಟಿ. ಫ್ರೀಸ್ಟೈಲ್‌ನಲ್ಲಿ ಮೊದಲು ಬಾಯಿಮಾತಿನ ಎಚ್ಚರಿಕೆ. ಮತ್ತೆ ಅದೇ ಆದರೆ 30 ಸೆಕೆಂಡಿನ ಗಡುವು, ಅಷ್ಟರಲ್ಲಿ ಆ ಪೈಲ್ವಾನರು ಅಂಕ ಗಳಿಸಬೇಕು. ಯಾರಿಗೂ ಅಂಕ ಬರಲಿಲ್ಲವೆಂದರೆ ಎದುರಾಳಿಗೆ 1. ಗ್ರೀಕೋ-ರೋಮನ್‌ನಲ್ಲಿ ಅಂಕದ ಜೊತೆಗೆ ಶಿಕ್ಷೆಯೂ ಇದೆ. ಮೈಗಳ್ಳತನ ಮಾಡಿದವರನ್ನು ಮ್ಯಾಟ್ ಮೇಲೆ ಬೋರಲು ಮಲಗಿಸಿ, ಎದುರಾಳಿಗೆ ಮೇಲಿನಿಂದ ಹಿಡಿಯುವ ಅವಕಾಶ ಕೊಡುತ್ತಾರೆ. ಕಾಲು ಬಳಸುವಂತಿಲ್ಲದ ಆಟದಲ್ಲಿ ಆ ಸ್ಥಿತಿಯಿಂದ ತಪ್ಪಿಸಿಕೊಳ್ಳುವುದು ಬಲು ಕಷ್ಟ.

ಅಂಕ ಸಮ ಇದ್ದರೂ ಗೆದ್ದದ್ದು ಹೇಗೆ ಎಂದು ಕೇಳಿದಿರಿ. ಸಮವಾದರೆ ಮೊದಲು ನೋಡುವುದು, ಯಾರು ದೊಡ್ಡ ಅಂಕದ ಪಟ್ಟು ಹಾಕಿದ್ದಾರೆ ಎಂದು. ಅದೂ ಸಮವಾದರೆ ಯಾರಿಗೆ ಎಚ್ಚರಿಕೆ ಕಡಿಮೆ. ಅದೂ ಸಮವಾದರೆ ಕೊನೆಯ ಅಂಕ ಯಾರದು ಎಂದು.

ಇದನ್ನು ಒಂದು ಪಂದ್ಯದಲ್ಲಿ ಹಿಡಿದು ತೋರಿಸುತ್ತೇನೆ. ಪ್ಯಾರಿಸ್ 2024, ಮಹಿಳೆಯರ 50 ಕೆಜಿ, ಮೊದಲ ಸುತ್ತು. ವಿನೇಶ್ ಫೋಗಟ್ ಎದುರಿಗೆ ಜಪಾನಿನ ಯುಯಿ ಸುಸಾಕಿ. ಹಾಲಿ ಒಲಿಂಪಿಕ್ ಚಾಂಪಿಯನ್, ಹೊರದೇಶದವರ ಎದುರು ಒಮ್ಮೆಯೂ ಸೋಲದವರು. ವಿನೇಶ್ ಮುನ್ನುಗ್ಗಲಿಲ್ಲ. ಸುಸಾಕಿಯ ಕೈಗೆ ಕಾಲು ಸಿಗದ ಹಾಗೆ ದೂರ ಇಟ್ಟುಕೊಂಡೇ ಆಡಿದರು. ಇದರ ಬೆಲೆ ಕಟ್ಟಬೇಕಾಯಿತು. ಮೊದಲ ಅವಧಿಯಲ್ಲಿ ಪ್ಯಾಸಿವಿಟಿ, ಸುಸಾಕಿಗೆ 1. ಎರಡನೆಯದರಲ್ಲಿ ಮತ್ತೆ 1. ಸ್ಕೋರ್ 0-2. ನೋಡುವವರಿಗೆ ವಿನೇಶ್ ಸೋಲುತ್ತಿದ್ದಾರೆ. ಲೆಕ್ಕ ಬಲ್ಲವರಿಗೆ ಕಾಣುವುದೇ ಬೇರೆ. ಸುಸಾಕಿಯ ಎರಡೂ ಅಂಕ ಒಂದೊಂದರ ಅಂಕ. ವಿನೇಶ್‌ಗೆ ಬೇಕಿರುವುದು ಒಂದೇ ಒಂದು ಟೇಕ್‌ಡೌನ್. 2-2 ಆದರೂ ದೊಡ್ಡ ಪಟ್ಟು ವಿನೇಶ್ ಅವರದು, ಗೆಲುವೂ ಅವರದೇ. ಗಡಿಯಾರದಲ್ಲಿ ಇನ್ನು ಕೆಲವೇ ಸೆಕೆಂಡು. ಆಗ ವಿನೇಶ್ ಒಮ್ಮೆಲೇ ನುಗ್ಗಿ ಕೆಳಗೆ ತಂದರು. 2-2.

ಜಪಾನ್ ಕಡೆಯವರು ಚಾಲೆಂಜ್ ಹಾಕಿದರು. ಕೋಚ್‌ಗಳ ಕೈಲಿ ಒಂದು ಮೆತ್ತನೆಯ ಸ್ಪಂಜಿನ ತುಂಡು ಇರುತ್ತದೆ. ತೀರ್ಪು ಒಪ್ಪಿಗೆಯಾಗದಿದ್ದರೆ ಅದನ್ನು ಮ್ಯಾಟ್ ಮೇಲೆ ಎಸೆಯುತ್ತಾರೆ. ಆಗ ವಿಡಿಯೋ ನೋಡಬೇಕು. ಚಾಲೆಂಜ್ ಸರಿ ಎಂದಾದರೆ ಅಂಕ ಬದಲಾಗುತ್ತದೆ, ತಪ್ಪಾದರೆ ಎದುರಾಳಿಗೆ ಇನ್ನೊಂದು ಅಂಕ. ವಿಡಿಯೋ ನೋಡಿದರು, ಟೇಕ್‌ಡೌನ್ ಸರಿಯಾಗಿಯೇ ಇತ್ತು. 3-2. ಹೆದರಿ ಆಡಿದರು ಎಂದು ಆ ಮೊದಲ ಐದೂವರೆ ನಿಮಿಷ ನೋಡಿ ಕೆಲವರಿಗೆ ಅನ್ನಿಸಿರಬಹುದು. ನಾನು ಕಂಡ ಹಾಗೆ ಅದಕ್ಕಿಂತ ಜಾಣ ಪಂದ್ಯ ಭಾರತದವರು ಒಲಿಂಪಿಕ್ಸ್‌ನಲ್ಲಿ ಆಡಿಲ್ಲ.

ಈಗಿನ ಈ ಲೆಕ್ಕ ನಿಮಗೆ ವಿಚಿತ್ರ ಅನ್ನಿಸಿದರೆ, ಇದಕ್ಕೆ ಮುಂಚೆ ಇದ್ದದ್ದನ್ನು ಕೇಳಿ. 2005ರಿಂದ 2013ರವರೆಗೆ ಎರಡೆರಡು ನಿಮಿಷದ ಮೂರು ಅವಧಿ, ಎರಡು ಗೆದ್ದವರು ಪಂದ್ಯ ಗೆದ್ದ ಹಾಗೆ. ಒಂದು ಅವಧಿ 0-0 ಆದರೆ? ರೆಫರಿ ಒಂದು ಚೀಲ ತರಿಸುತ್ತಿದ್ದರು. ಒಳಗೆ ಕೆಂಪು, ನೀಲಿ ಚೆಂಡು. ಕೈ ಹಾಕಿ ಒಂದನ್ನು ತೆಗೆಯುವುದು. ಯಾರ ಬಣ್ಣ ಬಂತೋ ಅವರಿಗೆ ಎದುರಾಳಿಯ ಒಂದು ಕಾಲನ್ನು ಮೊದಲೇ ಹಿಡಿದು ನಿಲ್ಲುವ ಭಾಗ್ಯ. ಕಾಲು ಕೈಯಲ್ಲೇ ಇದ್ದ ಮೇಲೆ ಕೆಡವಲು ಎಷ್ಟು ಹೊತ್ತು? ವರ್ಷಗಟ್ಟಲೆ ಬೆವರು ಸುರಿಸಿ ಬಂದವರ ಹಣೆಬರಹ ಚೀಲದ ಚೆಂಡಿಗೆ ಬಿಟ್ಟಿತ್ತು. ನೋಡುಗರಿಗೆ ಅರ್ಥವಾಗದ, ಪೈಲ್ವಾನರಿಗೆ ಸಿಟ್ಟು ತರಿಸುವ ನಿಯಮ ಅದು.

2013ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಕಾರ್ಯಕಾರಿ ಮಂಡಳಿ, 2020ರಿಂದ ಕುಸ್ತಿಯನ್ನು ಕಾಯಂ ಕ್ರೀಡೆಗಳ ಪಟ್ಟಿಯಿಂದ ಕೈಬಿಡಬೇಕೆಂದು ಶಿಫಾರಸು ಮಾಡಿತು. ಕುಸ್ತಿ ಲೋಕ ತತ್ತರಿಸಿತು. ವಿಶ್ವ ಸಂಸ್ಥೆಯ ಅಧ್ಯಕ್ಷರು ಹುದ್ದೆ ಬಿಟ್ಟರು, ಸರ್ಬಿಯಾದ ನೆನಾದ್ ಲಾಲೋವಿಚ್ ಬಂದರು. ಮೇ ತಿಂಗಳಲ್ಲಿ ಅಮೆರಿಕ, ಇರಾನ್, ರಷ್ಯಾದ ಪೈಲ್ವಾನರು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದೊಳಗೆ ಮ್ಯಾಟ್ ಹಾಸಿ ಆಡಿ ತೋರಿಸಿದರು. ಅಮೆರಿಕ-ಇರಾನ್ ನಡುವೆ ರಾಜತಾಂತ್ರಿಕ ಸಂಬಂಧವೇ ಇಲ್ಲದ ಕಾಲ ಅದು. ಚೆಂಡಿನ ಚೀಲ ಹೋಯಿತು, ಅಂಕ ಕೂಡಿಸುವ ಪದ್ಧತಿ ಬಂತು. ಸೆಪ್ಟೆಂಬರಿನಲ್ಲಿ ಬ್ಯೂನಸ್ ಐರಿಸ್‌ನ ಸಭೆಯಲ್ಲಿ ಕುಸ್ತಿಗೆ ಮತ್ತೆ ಜಾಗ ಸಿಕ್ಕಿತು.

ಸೋತವರಿಗೆ ಕಂಚು ಸಿಗುವುದು ರೆಪಶಾಜ್‌ನಿಂದ. ಮೊದಲ ಸುತ್ತಿನಲ್ಲೇ ಅತಿ ಬಲಿಷ್ಠರು ಎದುರಾಗಿ ಸೋತವರಿಗೆ ಅನ್ಯಾಯ ಆಗಬಾರದು ಅಂತ ಈ ವ್ಯವಸ್ಥೆ. ಯಾರು ಫೈನಲ್ ತಲುಪಿದರೋ ಅವರ ಕೈಲಿ ಸೋತವರಿಗೆಲ್ಲ ಇನ್ನೊಂದು ಅವಕಾಶ. ಫೈನಲ್‌ನ ಇಬ್ಬರ ಕಡೆಯಿಂದ ಒಂದೊಂದರಂತೆ ಎರಡು ಕಂಚು. ಬೀಜಿಂಗ್ 2008ರಲ್ಲಿ ಸುಶೀಲ್ ಕುಮಾರ್ ಮೊದಲ ಪಂದ್ಯದಲ್ಲೇ ಉಕ್ರೇನಿನ ಆಂದ್ರಿ ಸ್ಟಾಡ್ನಿಕ್ ಎದುರು ಸೋತರು. ಸ್ಟಾಡ್ನಿಕ್ ಫೈನಲ್‌ಗೆ ಹೋದರು, ಸುಶೀಲ್‌ಗೆ ಬಾಗಿಲು ತೆರೆಯಿತು. ಬೆನ್ನು ಬೆನ್ನಿಗೆ ಮೂರು ಪಂದ್ಯ ಗೆದ್ದು ಕಂಚು ತಂದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಖಾಶಾಬಾ ಜಾಧವ್ ಕಂಚು ಗೆದ್ದ ಮೇಲೆ ಕುಸ್ತಿಯಲ್ಲಿ ಭಾರತಕ್ಕೆ ಬಂದ ಮೊದಲ ಒಲಿಂಪಿಕ್ ಪದಕ ಅದೇ, ನಡುವೆ 56 ವರ್ಷ. ರಿಯೋ 2016ರಲ್ಲಿ ಸಾಕ್ಷಿ ಮಲಿಕ್ ಬಂದದ್ದೂ ಇದೇ ದಾರಿಯಲ್ಲಿ. ಕಂಚಿನ ಪಂದ್ಯದಲ್ಲಿ 0-5 ಹಿಂದಿದ್ದು 8-5ಕ್ಕೆ ಗೆದ್ದರು. ಮಹಿಳೆಯರ ಕುಸ್ತಿ ಒಲಿಂಪಿಕ್ಸ್‌ಗೆ ಬಂದದ್ದೇ 2004ರಲ್ಲಿ. ಅವರದು ಫ್ರೀಸ್ಟೈಲ್ ಮಾತ್ರ.

ಜಾಧವ್ ಅವರದ್ದು ನಿಮ್ಮ ಮಗನಿಗೆ ಹೇಳಬೇಕಾದ ಕಥೆ. ಸಾತಾರಾ ಜಿಲ್ಲೆಯ ಹಳ್ಳಿಯವರು, ಕೊಲ್ಲಾಪುರದಲ್ಲಿ ಓದಿದವರು, ಮಣ್ಣಿನಲ್ಲೇ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟ್ ಆಟ ಅವರಿಗೆ ಹೊಸದು. ಆದರೂ ಆರನೆಯವರಾದರು. ನಾಲ್ಕು ವರ್ಷ ಅದನ್ನು ಕಲಿತು ಮತ್ತೆ ಹೋದರು. ಮಣ್ಣಿನಿಂದ ಮ್ಯಾಟ್‌ಗೆ ಬರಲು ಆಗುತ್ತದೆ, ಆದರೆ ಅದು ತಾನಾಗಿ ಆಗುವುದಿಲ್ಲ. ಮಣ್ಣಿನಲ್ಲಿ ಅರ್ಧ ಗಂಟೆ ತಡೆಯುವ ದಮ್ಮು ಬೇಕು. ಮ್ಯಾಟ್‌ನಲ್ಲಿ ಆರು ನಿಮಿಷ ಒಂದೇ ಸಮ ನುಗ್ಗುವ ದಮ್ಮು ಬೇಕು. ಎರಡೂ ಬೇರೆ. ಮೈಸೂರು ದಸರಾದಲ್ಲಿ ನಾಡಕುಸ್ತಿಯನ್ನೂ ಪಾಯಿಂಟ್ ಕುಸ್ತಿಯನ್ನೂ ಬೇರೆ ಬೇರೆಯಾಗಿ ಆಡಿಸುವುದು ಅದಕ್ಕೇ. ಒಮ್ಮೆ ಮಗನನ್ನು ಕರೆದುಕೊಂಡು ಹೋಗಿ ಎರಡನ್ನೂ ತೋರಿಸಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಫ್ರೀಸ್ಟೈಲ್‌ನಲ್ಲಿ ಕಾಲು ಹಿಡಿಯಬಹುದು, ಕಾಲಿನಿಂದ ತೊಡರಿಸಬಹುದು. ಗ್ರೀಕೋ-ರೋಮನ್‌ನಲ್ಲಿ ಸೊಂಟದ ಕೆಳಗೆ ಏನೂ ಇಲ್ಲ. ಎದೆಗೆ ಎದೆ ಕೊಟ್ಟು, ಬಗಲಿಗೆ ಕೈ ತೂರಿಸಿ, ಎತ್ತಿ ಒಗೆಯುವ ಆಟ. ನೋಡಲು ಭಾರಿ ಚೆಂದ. ಕ್ಯೂಬಾದ ಮಿಹೈನ್ ಲೋಪೆಸ್ 2008ರಿಂದ 2024ರವರೆಗೆ ಐದು ಒಲಿಂಪಿಕ್ಸ್‌ನಲ್ಲಿ ಐದು ಚಿನ್ನ ಗೆದ್ದದ್ದು ಈ ಶೈಲಿಯಲ್ಲಿ. ಪ್ಯಾರಿಸ್‌ನಲ್ಲಿ ಗೆದ್ದು, ಶೂ ಬಿಚ್ಚಿ ಮ್ಯಾಟ್ ನಡುವೆ ಇಟ್ಟು ಹೊರಟರು. ಕುಸ್ತಿಯಲ್ಲಿ ನಿವೃತ್ತಿ ಹೇಳುವುದು ಹಾಗೆ.

ಭಾರತದಲ್ಲಿ ಎಲ್ಲರ ಕಣ್ಣು ಫ್ರೀಸ್ಟೈಲ್ ಮೇಲೆ. ಒಲಿಂಪಿಕ್ ಪದಕಗಳೆಲ್ಲ ಅದರಲ್ಲೇ ಬಂದಿವೆ. ಆದರೆ ನಿಮ್ಮ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದದ್ದು ಗ್ರೀಕೋ-ರೋಮನ್ 55 ಕೆಜಿಯಲ್ಲಿ. ಫ್ರೀಸ್ಟೈಲ್‌ನಲ್ಲಿ ಹರಿಯಾಣದ ಹುಡುಗರ ನೂಕುನುಗ್ಗಲು. ಗ್ರೀಕೋ-ರೋಮನ್‌ನಲ್ಲಿ ಅಷ್ಟಿಲ್ಲ. ಹಾಗಂತ ಈಗಲೇ ತೀರ್ಮಾನ ಮಾಡಬೇಡಿ. ಏಳನೇ ಕ್ಲಾಸಿಗೆ ಫ್ರೀಸ್ಟೈಲ್‌ನಿಂದ ಶುರು ಮಾಡಲಿ. ಕಾಲು ಹಿಡಿಯುವುದು, ಕಾಲು ಉಳಿಸಿಕೊಳ್ಳುವುದು ಎರಡೂ ಮೈಗೆ ಹತ್ತಬೇಕು. ನಾಲ್ಕು ವರ್ಷ ಹೋಗಲಿ. ಹೆಗಲು ಅಗಲ ಬಂದು, ಬೆನ್ನು ಬಿಲ್ಲಿನ ಹಾಗೆ ಬಾಗಿದರೆ ಕೋಚ್ ತಾವಾಗಿಯೇ ಹೇಳುತ್ತಾರೆ.

ತರಬೇತಿ ಜಾಗ ಹುಡುಕುವಾಗ ಮೊದಲು ಮ್ಯಾಟ್ ನೋಡಿ. ದಿನಾ ಸೋಂಕು ನಿವಾರಕ ಹಾಕಿ ಒರೆಸುತ್ತಾರಾ ಕೇಳಿ. ಒರೆಸದ ಮ್ಯಾಟ್‌ನಿಂದ ಹುಳುಕಡ್ಡಿ ಒಬ್ಬರಿಂದ ಇಡೀ ತಂಡಕ್ಕೆ ಹಬ್ಬುತ್ತದೆ. ಕಿವಿ ಊದಿಕೊಂಡು ಒಳಗೆ ರಕ್ತ ಕಟ್ಟಿದರೆ ಆ ದಿನವೇ ಡಾಕ್ಟರ ಹತ್ತಿರ ಹೋಗಿ, ಬಿಟ್ಟರೆ ಗಟ್ಟಿಯಾಗಿ ಮುದುಡಿದ ಕಿವಿ ಜೀವನಪೂರ್ತಿ ಉಳಿಯುತ್ತದೆ. ಅದನ್ನೇ ಹೆಮ್ಮೆ ಎಂದುಕೊಳ್ಳುವ ಹುಡುಗರಿದ್ದಾರೆ, ಅವರ ಮಾತು ಕೇಳಬೇಡಿ. ಕ್ರೀಡಾ ಇಲಾಖೆಯ ಹಾಸ್ಟೆಲ್‌ಗಳಲ್ಲಿ ದಾವಣಗೆರೆಯದ್ದು ಕುಸ್ತಿಗೆ ಹೆಸರಾದದ್ದು, ಆಯ್ಕೆ ಯಾವಾಗ ನಡೆಯುತ್ತದೆ ಎಂದು ನಿಮ್ಮ ಜಿಲ್ಲಾ ಕಚೇರಿಯಲ್ಲೇ ವಿಚಾರಿಸಿ.

ತೂಕದ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲಿ. ಕೆಳಗಿನ ವಿಭಾಗದಲ್ಲಿ ಆಡಿದರೆ ಸುಲಭ ಅಂತ ನೀರು ಬಿಡಿಸಿ, ಊಟ ಬಿಡಿಸಿ, ಬಿಸಿಲಲ್ಲಿ ಜಾಕೆಟ್ ಹಾಕಿ ಓಡಿಸುವವರು ಇದ್ದಾರೆ. ಒಲಿಂಪಿಕ್ಸ್‌ನಲ್ಲಿ ಪಂದ್ಯದ ಎರಡೂ ದಿನ ಬೆಳಿಗ್ಗೆ ತೂಕ ನೋಡುತ್ತಾರೆ. ಸುಸಾಕಿಯನ್ನು ಸೋಲಿಸಿ ಫೈನಲ್ ತಲುಪಿದ ವಿನೇಶ್ ಎರಡನೇ ಬೆಳಿಗ್ಗೆ 100 ಗ್ರಾಂ ಜಾಸ್ತಿ ಬಂದು ಅನರ್ಹರಾದರು. ಹಿಂದಿನ ದಿನದ ಗೆಲುವೂ ಲೆಕ್ಕಕ್ಕೆ ಬರಲಿಲ್ಲ, ಕ್ರೀಡಾ ನ್ಯಾಯಮಂಡಳಿಗೆ ಹಾಕಿದ ಮೇಲ್ಮನವಿಯೂ ಬಿತ್ತು. ಮೊದಲ ಸುತ್ತಿನಲ್ಲಿ ಸೋತಿದ್ದ ಸುಸಾಕಿ ಕಂಚು ಗೆದ್ದು ಹೋದರು. ಅದು ಅನುಭವಿ ಪೈಲ್ವಾನರ, ಡಾಕ್ಟರು-ಪೋಷಣಾ ತಜ್ಞರ ತಂಡ ಇದ್ದವರ ಕಥೆ. ಬೆಳೆಯುವ ಹುಡುಗನಿಗೆ ತೂಕ ಇಳಿಸುವ ಈ ಆಟವೇ ಬೇಡ. ಅವನ ತೂಕ ಎಷ್ಟಿದೆಯೋ ಆ ವಿಭಾಗದಲ್ಲೇ ಆಡಲಿ. ಸೇರಿಸುವ ದಿನವೇ ಕೋಚ್‌ಗೆ ಈ ಮಾತು ಹೇಳಿಬಿಡಿ, ಅವರು ಒಪ್ಪದಿದ್ದರೆ ಬೇರೆ ಕೋಚ್ ಹುಡುಕಿ.